ಯಾರದ್ದೋ ಯಂತ್ರ, ಯಾರದ್ದೋ ಬಿಲ್ಲು

ಊರಿನವರಿಗೆಲ್ಲ ತಿಂಗಳ ಕೊನೆಯಲ್ಲಿ ಮುಖ ಬಾಡಿದರೆ ನಮ್ಮ ಪಕ್ಕದ ಮನೆಯ ಸೊಸೆಗೆ ಮೂರನೇ ತಾರೀಕಿನ ಆಸುಪಾಸಿನಲ್ಲಿ ಬಾಡುತ್ತದೆ. ಸಂಬಳ ಬಂದು ಇನ್ನೂ ಬಿಸಿ ಆರಿರುವುದಿಲ್ಲ, ಆಗಲೇ ಪೆಚ್ಚುಮೋರೆ. ಅವಳ ಕಂಪನಿಗೆ ಕ್ಲೌಡ್ ಬಿಲ್ಲು ಬರುವುದು ಆಗ. ಅದನ್ನು ಸಾಲು ಸಾಲಾಗಿ ಓದಿ, ಯಾವುದು ಯಾಕೆ ಏರಿತು ಎಂದು ಮೇಲಿನವರಿಗೆ ಒಪ್ಪಿಸುವ ಕೆಲಸವನ್ನು ಇವಳ ತಲೆಗೆ ಕಟ್ಟಿದ್ದಾರೆ. ಈ ಕೆಲಸಕ್ಕೆ ಫಿನ್‌ಆಪ್ಸ್ ಅಂತ ಹೆಸರಂತೆ. ಅದಕ್ಕೊಂದು ಫೌಂಡೇಷನ್ನು 2019ರಲ್ಲಿ ಹುಟ್ಟಿ, ಮರುವರ್ಷವೇ ಲಿನಕ್ಸ್ ಫೌಂಡೇಷನ್ನಿನ ಆಸರೆಗೆ ಬಂತು. ಪರೀಕ್ಷೆ ಉಂಟು, ಸರ್ಟಿಫಿಕೇಟು ಉಂಟು. ಅವಳ ಅತ್ತೆ ಮಾತ್ರ "ನಮ್ಮ ಹುಡುಗಿ ಆಫೀಸಲ್ಲಿ ಲೆಕ್ಕ ನೋಡ್ಕೋತಾಳೆ" ಎಂದು ಇಷ್ಟನ್ನೂ ಒಂದೇ ಮಾತಿಗೆ ಇಳಿಸುತ್ತಾರೆ.

ಲೆಕ್ಕ ಎಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಸರ್ಕಾರಿ ಆಡಿಟ್ಟಿನಲ್ಲಿ ಕೂದಲು ನರೆಸಿಕೊಂಡವನು ನಾನು. ರಿಟೈರಾದ ಮೇಲೂ ಹಾಲಿನವನ ಚೀಟಿಗೆ ಕೆಂಪು ಇಂಕಿನಲ್ಲಿ ಟಿಕ್ ಹಾಕುವ ಚಾಳಿ ಹೋಗಿಲ್ಲ. ಅವಳು ಸಂಜೆ ಕಾಫಿ ಲೋಟ ಹಿಡಿದು ಕಾಂಪೌಂಡಿನ ಆ ಕಡೆ ನಿಂತಳೆಂದರೆ, ದಾಸವಾಳದ ಗಿಡಕ್ಕೆ ನೀರು ಹಾಕುವ ನೆಪದಲ್ಲಿ ಈ ಕಡೆ ನಾನೂ ಹಾಜರು.

"ಎಷ್ಟಮ್ಮಾ ಈ ಸಲ?"

"ಕೇಳ್ಬೇಡಿ ಅಂಕಲ್. ಡಾಲರಲ್ಲಿ ಬೆಳೆಯುತ್ತೆ, ರೂಪಾಯಲ್ಲಿ ಬರುತ್ತೆ, ಮೇಲೆ ಹದಿನೆಂಟು ಪರ್ಸೆಂಟ್ ಜಿಎಸ್‌ಟಿ."

"ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ಟಲ್ಲಿ ವಾಪಸ್ ಸಿಗುತ್ತಲ್ಲಮ್ಮಾ. ಅದಕ್ಯಾಕೆ ಅಳ್ತೀಯ, ಬೇರೆ ಹೇಳು."

ಬೇರೆ ಹೇಳುವ ಬದಲು ಫೋನನ್ನೇ ಕಾಂಪೌಂಡಿನ ಮೇಲಿಟ್ಟಳು. ಅಮೆಜಾನಿನವರ ಕಾಸ್ಟ್ ಎಕ್ಸ್‌ಪ್ಲೋರರ್ ಎಂಬ ಪುಟ, ಬಣ್ಣಬಣ್ಣದ ಕಂಬಗಳು. ಎಲ್ಲಕ್ಕಿಂತ ಎತ್ತರದ ಕಂಬದ ಹೆಸರು ಓದಿ ನನಗೆ ಹಳೆಯ ಉತ್ಸಾಹ ಮರಳಿ ಬಂತು: 'ಇಸಿ2-ಅದರ್'. ಅಂದರೆ ಇತರೆ! ಬಾಡಿಗೆಗೆ ತಂದ ಯಂತ್ರದ ಖರ್ಚು ಒಂದು ಕಂಬ, ಆ ಯಂತ್ರದ ಸುತ್ತಮುತ್ತಲಿನ 'ಇತರೆ' ಅದಕ್ಕಿಂತ ದೊಡ್ಡ ಕಂಬ. ನಮ್ಮ ಇಲಾಖೆಗಳಲ್ಲಿ ಸಾದಿಲ್ವಾರು ಅಂತ ಒಂದು ಶೀರ್ಷಿಕೆ ಇತ್ತು. ಗುಂಡುಸೂಜಿಯಿಂದ ಹಿಡಿದು ಸಾಹೇಬರ ಮನೆಯ ಹೂಕುಂಡದವರೆಗೆ ಎಲ್ಲ ಅದರೊಳಗೆ. ಸಾದಿಲ್ವಾರು ಉಬ್ಬಿದೆ ಎಂದು ಕಂಡರೆ ಆಡಿಟರ್ ಆದವನು ಕುರ್ಚಿ ಹತ್ತಿರಕ್ಕೆ ಎಳೆದುಕೊಳ್ಳುತ್ತಾನೆ.

"ಇದರೊಳಗೆ ಏನೇನಿದೆ?"

ಡಿಸ್ಕುಗಳಿವೆ. ಯಂತ್ರವನ್ನು ನಿಲ್ಲಿಸಿದರೆ ಯಂತ್ರದ ಬಾಡಿಗೆ ನಿಲ್ಲುತ್ತದೆ, ಅದಕ್ಕೆ ಅಂಟಿಸಿದ ಡಿಸ್ಕಿನ ಬಾಡಿಗೆ ನಿಲ್ಲುವುದಿಲ್ಲ. ಯಂತ್ರವನ್ನೇ ಅಳಿಸಿದರೂ ಆಮೇಲೆ ಸೇರಿಸಿದ ಡಿಸ್ಕುಗಳು ಎಷ್ಟೋ ಸಲ ಹಾಗೇ ಉಳಿದು ಬಾಡಿಗೆ ಎಣಿಸುತ್ತಿರುತ್ತವೆ. ಅಮೆರಿಕದ ವರ್ಜೀನಿಯಾದ ದರದಲ್ಲಿ ಹಳೆಯ ಜಿಪಿ2 ಜಾತಿಯ ಡಿಸ್ಕು ಜಿಬಿಗೆ ತಿಂಗಳಿಗೆ 10 ಸೆಂಟು. ಅದಕ್ಕಿಂತ ಒಳ್ಳೆಯ ಜಿಪಿ3 2020ರ ಡಿಸೆಂಬರಿನಲ್ಲೇ ಬಂತು, 8 ಸೆಂಟಿಗೆ. ಬದಲಾಯಿಸಲು ಯಂತ್ರ ನಿಲ್ಲಿಸುವುದೂ ಬೇಡ. ಆದರೂ ಇವಳ ಕಂಪನಿಯಲ್ಲಿ ಜಿಪಿ2 ಇನ್ನೂ ರಾಶಿ ರಾಶಿ ಇದೆ.

ಈ 'ಇತರೆ'ಯೊಳಗೆ ನನಗೆ ಬಹಳ ಹಿಡಿಸಿದ್ದು ನ್ಯಾಟ್ ಗೇಟ್‌ವೇ. ಕಂಪನಿಯ ಯಂತ್ರಗಳನ್ನು ಹೊರಗಿನವರ ಕೈಗೆ ಸಿಗದ ಹಾಗೆ ಒಳಗಿನ ನೆಟ್‌ವರ್ಕಿನಲ್ಲಿ ಕೂರಿಸಿರುತ್ತಾರೆ. ಅವು ಹೊರಜಗತ್ತಿಗೆ ಏನಾದರೂ ಕಳಿಸಬೇಕಾದರೆ ಈ ಗೇಟು ದಾಟಬೇಕು. ಗೇಟು ಇದ್ದದ್ದಕ್ಕೆ ಗಂಟೆಗೆ ನಾಲ್ಕೂವರೆ ಸೆಂಟು, ದಾಟುವ ಪ್ರತಿ ಜಿಬಿಗೆ ಮತ್ತೆ ನಾಲ್ಕೂವರೆ ಸೆಂಟು. ಇವಳ ಕಂಪನಿಯ ಫೋಟೋ, ಬ್ಯಾಕಪ್ಪು, ರಿಪೋರ್ಟು ಎಲ್ಲ ಎಸ್3 ಎಂಬ ಉಗ್ರಾಣಕ್ಕೆ ಹೋಗುತ್ತಿದ್ದದ್ದು ಇದೇ ಗೇಟಿನಿಂದ. ತಮಾಷೆ ನೋಡಿ, ಆ ಉಗ್ರಾಣ ಇರುವುದೂ ಅದೇ ಅಮೆಜಾನಿನಲ್ಲಿ, ಅದೇ ರೀಜನ್ನಿನಲ್ಲಿ! ಅಲ್ಲಿಗೆ ಹೋಗಲು ಗೇಟ್‌ವೇ ಎಂಡ್‌ಪಾಯಿಂಟ್ ಎಂಬ ಒಳದಾರಿಯನ್ನು ಅವರೇ ಇಟ್ಟಿದ್ದಾರೆ. ಅದಕ್ಕೆ ಗಂಟೆಗೂ ಕಾಸಿಲ್ಲ, ಜಿಬಿಗೂ ಕಾಸಿಲ್ಲ. ಆದರೆ ಆ ದಾರಿ ತಾನಾಗಿ ತೆರೆದುಕೊಳ್ಳುವುದಿಲ್ಲ, ಯಾರಾದರೂ ಕೂತು ರೂಟ್ ಟೇಬಲ್ಲಿಗೆ ಸೇರಿಸಬೇಕು. ತಿಂಗಳಿಗೆ 10 ಟಿಬಿ ಸಾಗಿಸುವವರಿಗೆ ಈ ಒಂದು ನಮೂದು ಇಲ್ಲದ್ದಕ್ಕೆ ಸುಮಾರು 450 ಡಾಲರ್ ದಂಡ. ಪುಕ್ಕಟೆ ದಾರಿ ಇದೆ ಎಂದು ಅವರ ಕೈಪಿಡಿಯಲ್ಲೇ ಬರೆದಿದೆ. ಬಿಲ್ಲಿನಲ್ಲಿ ಬರೆದಿಲ್ಲ. ನಾನಾಗಿದ್ದರೆ ಒಂದು ಆಡಿಟ್ ಆಕ್ಷೇಪಣೆ ಹಾಕುತ್ತಿದ್ದೆ.

"ಅಷ್ಟು ಸಣ್ಣ ಸಣ್ಣದಕ್ಕೂ ದುಡ್ಡಾ?" ಎಂದು ಹಿಂದಿನಿಂದ ಅತ್ತೆಯವರ ದನಿ. ಕರಿಬೇವು ಕೀಳುತ್ತಿದ್ದರೂ ಗಮನವೆಲ್ಲ ಇತ್ತಲೇ.

ಸಣ್ಣ ಸಣ್ಣದಕ್ಕೂ. ಇಂಟರ್‌ನೆಟ್ಟಿನ ಐಪಿವಿ4 ವಿಳಾಸ ಒಂದು ಇದೆಯಲ್ಲ, ಅದಕ್ಕೆ 2024ರ ಫೆಬ್ರವರಿ 1ರಿಂದ ಗಂಟೆಗೆ ಅರ್ಧ ಸೆಂಟು. ತಿಂಗಳಿಗೆ ಮೂರೂವರೆ ಡಾಲರ್ ಚಿಲ್ಲರೆ ಆಯಿತು. ಡೇಟಾ ಒಳಗೆ ಬರಲು ಪುಕ್ಕಟೆ, ಹೊರಗೆ ಹೋಗಲು ತಿಂಗಳ ಮೊದಲ 100 ಜಿಬಿ ಬಿಟ್ಟು ಮಿಕ್ಕದ್ದಕ್ಕೆ ಜಿಬಿಗೆ 9 ಸೆಂಟು, ಮುಂಬೈನಿಂದಾದರೆ ಇನ್ನೂ ಜಾಸ್ತಿ. ಗಿರಾಕಿಯನ್ನು ಒಳಗೆ ಕರೆದು ಬಾಗಿಲು ಹಾಕಿಕೊಳ್ಳುವ ಈ ಬುದ್ಧಿಗೆ ಯುರೋಪಿನವರು ಕಾನೂನು ತಂದರು. ಆ ಬಿಸಿ ತಟ್ಟುವ ಮೊದಲೇ, 2024ರ ಆರಂಭದಲ್ಲಿ, ಗೂಗಲ್ಲು, ಅಮೆಜಾನು, ಮೈಕ್ರೋಸಾಫ್ಟು ಮೂವರೂ ಒಬ್ಬರ ಹಿಂದೊಬ್ಬರು, ಪೂರ್ತಿ ಖಾಲಿ ಮಾಡಿಕೊಂಡು ಹೋಗುವವರಿಗೆ ಮಾತ್ರ ಈ ಶುಲ್ಕ ಬೇಡ ಎಂದರು. ಇದ್ದುಕೊಂಡು ದಿನಾ ಓಡಾಡುವವರಿಗೆ ಆಗ ರಿಯಾಯಿತಿ ಕೊಡಲಿಲ್ಲ.

ನನ್ನನ್ನು ಕೇಳಿದರೆ ದರಪಟ್ಟಿ ಇಷ್ಟು ಉದ್ದವಾದದ್ದು ದೊಡ್ಡ ಸಮಸ್ಯೆಯಲ್ಲ. ದರ ಗೊತ್ತಿದ್ದರೂ ಖರ್ಚಾಗುತ್ತದೆ. ಸಮಸ್ಯೆ ಇರುವುದು ಮಂಜೂರಾತಿಯಲ್ಲಿ.

ನಮ್ಮ ಕಾಲದಲ್ಲಿ ಕಚೇರಿಗೊಂದು ಬೀರು ಬೇಕೆಂದರೆ ಮೊದಲು ಇಂಡೆಂಟು, ಆಮೇಲೆ ಮೂರು ಕೊಟೇಷನ್ನು, ತುಲನಾತ್ಮಕ ಪಟ್ಟಿ, ಮಂಜೂರಾತಿ ಆದೇಶ, ಸಪ್ಲೈ ಆರ್ಡರು, ಸ್ಟಾಕ್ ರಿಜಿಸ್ಟರಿನಲ್ಲಿ ನಮೂದು. ಇಷ್ಟಾದ ಮೇಲೆ ಬಿಲ್ಲು. ದುಡ್ಡು ಹೊರಡುವ ಮುಂಚೆ ಐದಾರು ಸಹಿ ಬಿದ್ದಿರುತ್ತಿತ್ತು. 2006ರ ಆಗಸ್ಟಿನಲ್ಲಿ ಅಮೆಜಾನ್ ಗಂಟೆಗೆ 10 ಸೆಂಟಿನಂತೆ ಯಂತ್ರ ಬಾಡಿಗೆಗೆ ಬಿಟ್ಟಾಗ ಈ ಸಹಿಗಳೆಲ್ಲ ಒಂದೇ ಏಟಿಗೆ ಹಾರಿಹೋದವು. ಮೊನ್ನೆ ಕೆಲಸಕ್ಕೆ ಸೇರಿದ ಹುಡುಗ ಲಾಗಿನ್ ಆಗಿ ಬಟನ್ ಒತ್ತಿದರೆ ಅದೇ ಮಂಜೂರಾತಿ, ಅದೇ ಖರೀದಿ. ಸ್ಟಾಕ್ ರಿಜಿಸ್ಟರು ಯಾರೂ ಬರೆಯುವುದಿಲ್ಲ.

"ನಿಮ್ಮ ಬೀರು ಬರೋ ಹೊತ್ತಿಗೆ ಫೈಲು ಗೆದ್ದಲು ತಿಂದಿರ್ತಿತ್ತು ಅಂತ ನೀವೇ ಹೇಳಿದ್ರಿ ಅಂಕಲ್."

ಹೇಳಿದ್ದೆ, ನಿಜ. ಬೆಂಗಳೂರಿನ ಸಣ್ಣ ಸಣ್ಣ ಕಂಪನಿಗಳು ನಾಲ್ಕು ಜನ ಹುಡುಗರನ್ನು ಇಟ್ಟುಕೊಂಡು ಮೇಲೇಳಲು ಸಾಧ್ಯವಾಗಿದ್ದೇ ಇಂಡೆಂಟು ಇಲ್ಲದ್ದರಿಂದ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಟನ್ ಒತ್ತುವವನಿಗೆ ಬಿಲ್ಲು ಕಾಣುವುದಿಲ್ಲ, ಬಿಲ್ಲು ಕಾಣುವವಳಿಗೆ ಬಟನ್ ಒತ್ತಿದವನು ಯಾರು ಎಂದು ಗೊತ್ತಿರುವುದಿಲ್ಲ. ಇವೆರಡರ ಮಧ್ಯೆ ಒಂದು ತಿಂಗಳು ಕಳೆದಿರುತ್ತದೆ.

ಎಐ ಬಂದ ಮೇಲೆ ಆ ಒಂದು ತಿಂಗಳು ಬಹಳ ದುಬಾರಿಯಾಗಿದೆ. ಎಂಟು ಎಚ್100 ಚಿಪ್ಪುಗಳಿರುವ ಅಮೆಜಾನಿನ ಪಿ5 ಯಂತ್ರಕ್ಕೆ ಗಂಟೆಗೆ 98 ಡಾಲರ್ ಚಿಲ್ಲರೆ ಇತ್ತು. 2025ರ ಜೂನಿನಲ್ಲಿ ಶೇಕಡಾ 44ರಷ್ಟು ಇಳಿಸಿದರು. ಆ ಹಳೆಯ ದರದ ಕಾಲದಲ್ಲಿ ಇವಳ ಆಫೀಸಿನ ಒಬ್ಬ ಜಾಣ ಶುಕ್ರವಾರ ಸಂಜೆ ಏಳಕ್ಕೆ ಪ್ರಯೋಗ ಮುಗಿಸಿ, ಯಂತ್ರವನ್ನು ಹಾಗೇ ಬಿಟ್ಟು ಗೋಕರ್ಣದ ಬಸ್ಸು ಹತ್ತಿದ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ವಾಪಸ್ಸು. ಮಧ್ಯೆ 62 ಗಂಟೆ. ಡಾಲರಿಗೆ 85 ರೂಪಾಯಿ ಹಿಡಿದರೂ ಐದು ಲಕ್ಷದ ಮೇಲಾಯಿತು. ಯಂತ್ರ ಅಷ್ಟು ಹೊತ್ತೂ ಮಾಡಿದ ಕೆಲಸ ಸೊನ್ನೆ.

"ಅಲಾರಮ್ಮು ಇಟ್ಟಿರಲಿಲ್ವಾ?"

"ಇಟ್ಟಿತ್ತು ಅಂಕಲ್. ಬಜೆಟ್ ಮೀರಿತು ಅಂತ ಮೇಲ್ ಬಂದಿತ್ತು. ಬಂದಿದ್ದು ಕೆಲಸ ಬಿಟ್ಟು ಹೋದ ಮ್ಯಾನೇಜರ್ ಐಡಿಗೆ."

ಈ ಬಜೆಟ್ ಎಂಬುದರ ಬಗ್ಗೆ ನಾನು ಅವಳ ಹತ್ತಿರ ಬಹಳ ಜಗಳ ಆಡಿದ್ದೇನೆ. ನಮ್ಮ ಖಜಾನೆಯಲ್ಲಿ ಬಜೆಟ್ ಮುಗಿಯಿತು ಎಂದರೆ ಬಿಲ್ಲು ವಾಪಸ್ಸು, ಮಾತಿಲ್ಲ. ಇವರ ಬಜೆಟ್ಟು ಖರ್ಚನ್ನು ನಿಲ್ಲಿಸುವುದಿಲ್ಲ, ಮೀರಿತು ಎಂದು ತಿಳಿಸುತ್ತದೆ ಅಷ್ಟೇ. ಬಜೆಟ್ ಇಟ್ಟ ಮಾತ್ರಕ್ಕೆ ಖರ್ಚಿಗೆ ಮಿತಿ ಬೀಳುವುದಿಲ್ಲ ಎಂದು ಗೂಗಲ್ ಕ್ಲೌಡಿನವರು ಕೈಪಿಡಿಯಲ್ಲೇ ಬರೆದುಬಿಟ್ಟಿದ್ದಾರೆ. ಅಮೆಜಾನಿನ ಬಜೆಟ್ಟಿಗೆ ಖರ್ಚಿನ ಮಾಹಿತಿ ಮುಟ್ಟುವುದೇ ಎಂಟರಿಂದ ಹನ್ನೆರಡು ಗಂಟೆಗೊಮ್ಮೆ. ಮಿತಿ ಮುಟ್ಟಿದಾಗ ಯಂತ್ರ ತಾನಾಗಿ ನಿಲ್ಲುವ ವ್ಯವಸ್ಥೆಯನ್ನು ಬೇಕೆಂದವರು ಮಾಡಿಕೊಳ್ಳಬಹುದು, ಬಜೆಟ್ ಆಕ್ಷನ್ ಅಂತಾರೆ. ತಾನಾಗಿ ಇರುವುದಿಲ್ಲ.

"ಯಾಕಮ್ಮಾ, ನಿಲ್ಲಿಸಕ್ಕೆ ಬರಲ್ವಾ ಇಷ್ಟು ದೊಡ್ಡ ಕಂಪನಿಗೆ?"

"ನಿಲ್ಲಿಸಿದ್ರೆ ಏನೇನು ನಿಲ್ಲಬೇಕು ಹೇಳಿ. ದೀಪಾವಳಿ ಸೇಲ್ ದಿನ ಮಿತಿ ಮುಟ್ತು ಅಂತ ಸೈಟ್ ಬಿದ್ದೋದ್ರೆ? ಡಿಸ್ಕಿಗೂ ದುಡ್ಡು ನಿಲ್ಲಿಸಬೇಕು ಅಂದ್ರೆ ಡೇಟಾ ಅಳಿಸಬೇಕಾಗುತ್ತೆ."

ವ್ಯಾಪಾರದ ಕಂಪನಿಗೆ ಇದು ಸರಿಯಾದ ಉತ್ತರವೇ. ಆದರೆ ದಾವಣಗೆರೆಯಲ್ಲಿ ಕೂತು ಕಲಿಯುತ್ತಿರುವ ಎಂಜಿನಿಯರಿಂಗ್ ಹುಡುಗನಿಗೆ ಈ ಉತ್ತರ ಹೇಳಬಾರದು. ಅವನು ಗೊತ್ತಿಲ್ಲದೆ ತನ್ನ ಕೀಲಿಯನ್ನು ಗಿಟ್‌ಹಬ್ಬಿನಲ್ಲಿ ಹಾಕುತ್ತಾನೆ, ಅದಕ್ಕೆಂದೇ ಹೊಂಚು ಹಾಕಿರುವ ಕಳ್ಳ ಪ್ರೋಗ್ರಾಮುಗಳು ಅವನ ಹೆಸರಲ್ಲಿ ಯಂತ್ರ ಎಬ್ಬಿಸಿ ಕ್ರಿಪ್ಟೋ ನಾಣ್ಯ ಅಗೆಯುತ್ತವೆ, ಬಿಲ್ಲು ಅಪ್ಪನ ಕಾರ್ಡಿಗೆ. 2025ರ ಜುಲೈ 15ರಿಂದ ಅಮೆಜಾನು ಹೊಸಬರಿಗೆ ಬೇರೆ ದಾರಿ ಮಾಡಿದೆ. 200 ಡಾಲರಿನವರೆಗೆ ಕ್ರೆಡಿಟ್ಟು, ಆರು ತಿಂಗಳ ಫ್ರೀ ಪ್ಲಾನು, ನಾವಾಗಿ ಮೇಲಿನ ಪ್ಲಾನಿಗೆ ಹೋಗುವವರೆಗೆ ದುಡ್ಡು ಕೇಳುವುದಿಲ್ಲ. ಇಷ್ಟು ಮಾಡಲು 2006ರಿಂದ 2025ರವರೆಗೆ ಬೇಕಾಯಿತು ಎಂದು ನಾನು ಗೊಣಗಿದೆ. ಅವಳೂ ಒಪ್ಪಿದಳು.

ಗಲಾಟೆ ಮಾಡಿದರೆ ಕೆಲವು ಸಲ ಬೇಗ ಸರಿಹೋಗುವುದೂ ಉಂಟು. 2024ರಲ್ಲಿ ಒಬ್ಬರು ಎಸ್3ರಲ್ಲಿ ಒಂದು ಖಾಲಿ ಬಕೆಟ್ ಮಾಡಿಟ್ಟರು. ಎರಡು ದಿನ ಬಿಟ್ಟು ನೋಡಿದರೆ 1,300 ಡಾಲರಿನ ಮೇಲೆ ಬಿಲ್ಲು. ಯಾವುದೋ ಸಾಫ್ಟ್‌ವೇರು ತನ್ನ ಮೂಲ ಸೆಟ್ಟಿಂಗಿನಲ್ಲಿ ಅದೇ ಹೆಸರಿನ ಬಕೆಟ್ಟಿಗೆ ಬ್ಯಾಕಪ್ ಕಳಿಸಲು ಯತ್ನಿಸುತ್ತಿತ್ತು. ಅದನ್ನು ಬಳಸುವ ಲೋಕದ ಯಂತ್ರಗಳೆಲ್ಲ ಬಂದು ಬಂದು ಬಾಗಿಲು ತಟ್ಟಿದವು. ಪ್ರವೇಶವಿಲ್ಲ ಎಂದು ಅಟ್ಟಿದ್ದಕ್ಕೂ ಬಕೆಟ್ಟಿನ ಯಜಮಾನನೇ ದುಡ್ಡು ತೆರಬೇಕಿತ್ತು! ವಿಷಯ ಊರೆಲ್ಲ ಆದ ಮೇಲೆ, ಮುಂದಿನ ಕೆಲವೇ ವಾರದಲ್ಲಿ ಅಮೆಜಾನ್ ಆ ನಿಯಮವನ್ನೇ ತೆಗೆದುಹಾಕಿತು.

ಇಂಥವು ಅಪರೂಪದ ಅಪಘಾತ. ದಿನನಿತ್ಯದ ಸೋರಿಕೆಗೆ ಇಷ್ಟು ರೋಚಕತೆ ಇಲ್ಲ. ಡೆವಲಪರುಗಳು ಪ್ರಯೋಗಕ್ಕೆ ಇಟ್ಟುಕೊಂಡ ಯಂತ್ರಗಳು ರಾತ್ರಿಯೂ ಓಡುತ್ತವೆ, ಭಾನುವಾರವೂ ಓಡುತ್ತವೆ. ವಾರಕ್ಕೆ 168 ಗಂಟೆ, ಆಫೀಸು ದಿನಕ್ಕೆ ಹತ್ತು ಗಂಟೆಯಂತೆ ಐದು ದಿನಕ್ಕೆ 50. ಮಿಕ್ಕ ಹೊತ್ತು ಆರಿಸಿಟ್ಟರೆ ಆ ಯಂತ್ರಗಳ ಬಾಡಿಗೆಯಲ್ಲಿ ನೂರಕ್ಕೆ 70 ಉಳಿಯಿತು. ಇದನ್ನು ಹೇಳಲು ಫಿನ್‌ಆಪ್ಸ್ ಪರೀಕ್ಷೆ ಬೇಡ. ಲಾಗುಗಳದ್ದು ಇನ್ನೊಂದು ಕಥೆ. ಯಾವುದೋ ದೋಷ ಹುಡುಕಲು ಒಬ್ಬ ಡೀಬಗ್ ಲಾಗ್ ಹಚ್ಚುತ್ತಾನೆ, ದೋಷ ಸಿಕ್ಕ ಖುಷಿಯಲ್ಲಿ ಆರಿಸಲು ಮರೆಯುತ್ತಾನೆ. ಅಮೆಜಾನಿನ ಕ್ಲೌಡ್‌ವಾಚಿಗೆ ಲಾಗು ಸುರಿದರೆ ಜಿಬಿಗೆ 50 ಸೆಂಟು. ಸುರಿದದ್ದನ್ನು ಎಷ್ಟು ಕಾಲ ಇಡಬೇಕು ಎಂದು ನಾವು ಹೇಳದಿದ್ದರೆ ಯಾವತ್ತೂ ಅಳಿಸುವುದಿಲ್ಲ. ನಮ್ಮ ರೆಕಾರ್ಡ್ ರೂಮಿನಲ್ಲೂ ಇಷ್ಟು ವರ್ಷ ಇಟ್ಟು ನಾಶ ಮಾಡತಕ್ಕದ್ದು ಎಂದು ಪ್ರತಿ ಕಡತದ ಮೇಲೆ ವರ್ಗ ಬರೆಯುತ್ತಿದ್ದೆವು.

"ಬರೀತಿದ್ರಿ. ನಾಶ ಮಾಡ್ತಿದ್ರಾ?" ಎಂದಳು.

ಅಲ್ಲಿಗೆ ನನ್ನ ಬಾಯಿ ಕಟ್ಟಿತು. ಕಡತಗಳಿರಲಿ, ಕಾಲು ಮುರಿದ ಕುರ್ಚಿಗಳು ಕೂಡ ಕಚೇರಿಯ ಹಿಂದಿನ ವರಾಂಡದಲ್ಲಿ ರಾಶಿಯಾಗಿ ಬಿದ್ದಿರುತ್ತಿದ್ದವು. ಹರಾಜು ಹಾಕಲು ಅನುಪಯುಕ್ತ ಎಂದು ಒಬ್ಬ ಅಧಿಕಾರಿ ಸಹಿ ಮಾಡಬೇಕು. ಯಾರು ಮಾಡುತ್ತಾರೆ? ಮುಂದೆ ಯಾವನಾದರೂ ಕುರ್ಚಿ ಚೆನ್ನಾಗಿತ್ತು ಎಂದು ಅರ್ಜಿ ಹಾಕಿದರೆ? ಇಟ್ಟುಕೊಂಡರೆ ಯಾರೂ ಕೇಳುವುದಿಲ್ಲ, ತೆಗೆದರೆ ವಿವರಣೆ ಕೊಡಬೇಕು.

ಇವಳ ಆಫೀಸಿನಲ್ಲೂ ಅದೇ. ಹೊಸ ಯಂತ್ರ ಎಬ್ಬಿಸಿ ಹೊಸ ಸೌಲಭ್ಯ ತಂದವನಿಗೆ ಶಹಬ್ಬಾಸ್. ಹಳೆಯ ಯಂತ್ರ ಆರಿಸಿ ಏನಾದರೂ ಕೆಟ್ಟರೆ ಆರಿಸಿದವಳ ತಲೆದಂಡ, ಕೆಡದಿದ್ದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಹಾಗಾಗಿ ಬಿಲ್ಲನ್ನು ಎಷ್ಟು ಚೆನ್ನಾಗಿ ಗಮನಿಸಿದರೂ, ಎಷ್ಟು ಬಣ್ಣದ ಕಂಬ ಬರೆದರೂ, ಬೆರಳು ಆಫ್ ಬಟನ್ನಿನ ಹತ್ತಿರ ಹೋಗಿ ನಿಂತುಬಿಡುತ್ತದೆ. ಮಾಹಿತಿ ಇಲ್ಲದ್ದಕ್ಕಿಂತ ವಾರಸುದಾರರಿಲ್ಲದ್ದೇ ಹೆಚ್ಚು ದುಡ್ಡು ತಿನ್ನುತ್ತದೆ ಎಂಬುದು ನನ್ನ ಖಂಡಿತ ಅಭಿಪ್ರಾಯ.

ಅವಳು ಅದಕ್ಕೇ ಟ್ಯಾಗಿನ ಹಿಂದೆ ಬಿದ್ದಿದ್ದಾಳೆ. ಪ್ರತಿ ಯಂತ್ರಕ್ಕೂ ಯಾವ ತಂಡದ್ದು, ಯಾವ ಕೆಲಸಕ್ಕೆ, ಎಂದಿನವರೆಗೆ ಎಂಬ ಚೀಟಿ ಅಂಟಿಸುವುದು. ಚೀಟಿ ಇಲ್ಲದೆ ಯಂತ್ರ ಎಬ್ಬಿಸಲು ಬಿಡಬಾರದು ಎಂದು ನಿಯಮ ಬರೆಸಿದ್ದಾಳೆ. ಇನ್‌ಫ್ರಾಕಾಸ್ಟ್ ಎಂಬ ಒಂದು ಸಾಧನವನ್ನೂ ಹಚ್ಚಿದ್ದಾಳೆ. ಹುಡುಗರು ಯಂತ್ರ ಬೇಕೆಂದು ಕೋಡ್ ಬರೆದ ಕೂಡಲೇ, ಅದು ಜಾರಿಗೆ ಹೋಗುವ ಮುಂಚೆಯೇ, ಇದರಿಂದ ತಿಂಗಳಿಗೆ ಇಷ್ಟು ಹೆಚ್ಚುತ್ತದೆ ಎಂದು ಅಲ್ಲೇ ಕೆಳಗೆ ಬರೆದು ತೋರಿಸುತ್ತದೆ. ಖರ್ಚಿಗೆ ಮುಂಚಿನ ಆಡಿಟ್ಟು, ಸಹಿಗಾಗಿ ಅಲೆದಾಟವಿಲ್ಲದೆ! ಇದನ್ನು ಕೇಳಿ ನನಗೆ ನಿಜಕ್ಕೂ ಹೊಟ್ಟೆಕಿಚ್ಚಾಯಿತು.

ಆರಿಸುವುದು ಎಂದರೆ ಯಾವಾಗಲೂ ಲಾಭವೇ ಎಂದು ತಿಳಿಯಬಾರದು ಎಂದೂ ಅವಳು ಹೇಳುತ್ತಾಳೆ. ಅದಕ್ಕೆ ಅವಳ ಉದಾಹರಣೆ ಕ್ರಿಕೆಟ್ಟು. 2019ರ ವಿಶ್ವಕಪ್ ಸೆಮಿಫೈನಲ್ಲಿನಲ್ಲಿ ಧೋನಿ ಆಡುತ್ತಿದ್ದಾಗ ಹಾಟ್‌ಸ್ಟಾರಿನಲ್ಲಿ ಒಂದೇ ಹೊತ್ತಿಗೆ 2.53 ಕೋಟಿ ಜನ ನೋಡುತ್ತಿದ್ದರು. ಗಪ್ಟಿಲ್ ಎಸೆತಕ್ಕೆ ಧೋನಿ ರನೌಟಾದ, ಜನ ಕರಗಿಹೋದರು. ಆದರೆ ಹೊರಬಿದ್ದವರೆಲ್ಲ ಒಟ್ಟಿಗೆ ಆ್ಯಪಿನ ಮುಖಪುಟಕ್ಕೆ ಬಂದು ಬೀಳುತ್ತಾರೆ. ನೋಡುಗರು ಕಮ್ಮಿಯಾದರು ಎಂದು ಆ ಕ್ಷಣ ಯಂತ್ರ ಆರಿಸಿದವನು ಕೆಟ್ಟ. 2023ರ ಫೈನಲ್ಲಿಗೆ 5.9 ಕೋಟಿ. ಒಂದು ಸಂಜೆಯ ಇಂಥ ನೆರೆಗೆ ಸ್ವಂತ ಯಂತ್ರ ಕೊಂಡಿಡುವುದು ಮೂರ್ಖತನ, ಬಾಡಿಗೆಯೇ ಸರಿ. ಅದೇ ವರ್ಷವಿಡೀ ಒಂದೇ ಹದದಲ್ಲಿ ಓಡುವ ಕೆಲಸವಾದರೆ ಲೆಕ್ಕ ತಿರುಗುತ್ತದೆ. ಬೇಸ್‌ಕ್ಯಾಂಪ್ ನಡೆಸುವ 37ಸಿಗ್ನಲ್ಸ್ ಕಂಪನಿ 2022ರಲ್ಲಿ ಕ್ಲೌಡಿಗೆ 32 ಲಕ್ಷ ಡಾಲರ್ ಸುರಿದು, ಸಾಕಪ್ಪಾ ಸಾಕು ಎಂದು ಸುಮಾರು ಏಳು ಲಕ್ಷ ಡಾಲರಿನ ಡೆಲ್ ಸರ್ವರುಗಳನ್ನು ಕೊಂಡು ಹೊರನಡೆಯಿತು. ಡ್ರಾಪ್‌ಬಾಕ್ಸ್ ಇನ್ನೂ ಮುಂಚೆಯೇ ತನ್ನ ಬಹುಪಾಲು ಡೇಟಾವನ್ನು ಸ್ವಂತ ಯಂತ್ರಗಳಿಗೆ ಸಾಗಿಸಿತ್ತು.

ಹೊರನಡೆಯುವಷ್ಟು ದೊಡ್ಡದಲ್ಲ ಇವಳ ಕಂಪನಿ. ಮಧ್ಯದ ದಾರಿಯೊಂದನ್ನು ಸೇಲ್ಸಿನವರು ತೋರಿಸುತ್ತಿದ್ದಾರೆ: ಇಂತಿಷ್ಟು ಬಳಸಿಯೇ ಬಳಸುತ್ತೇವೆ ಎಂದು ಮೂರು ವರ್ಷಕ್ಕೆ ಬರೆದುಕೊಡಿ, ಶೇಕಡಾ 72ರವರೆಗೆ ಸೋಡಿ. ಮ್ಯಾನೇಜರಿಗೆ ಆ 72 ಕಣ್ಣಿಗೆ ಬಿದ್ದು ಮಿಕ್ಕ ಅಂಕಿಯೆಲ್ಲ ಮಸುಕಾಗಿದೆ.

"ಈಗ ಓಡ್ತಿರೋದ್ರಲ್ಲಿ ಅರ್ಧ ಬೇಡದ್ದು ಅಂತೀಯ. ಅದಕ್ಕೂ ಸೇರಿಸಿ ಮೂರು ವರ್ಷ ಬರ್ಕೊಟ್ರೆ, ಬೇಡದ್ದನ್ನ ಸೋಡಿಯಲ್ಲಿ ಕೊಂಡ ಹಾಗಾಯ್ತು. ಮೊದಲು ಗುಡಿಸು. ಆಮೇಲೆ ಒಂದು ವರ್ಷದ್ದು ಮಾಡಿ ನೋಡು."

"ಅದನ್ನೇ ಅಂಕಲ್ ನಾನೂ ಹೇಳ್ತಿರೋದು. ಗುಡಿಸಕ್ಕೆ ಶುರು ಮಾಡೋಣ ಅಂದ್ರೆ ಮೊದಲನೇದೇ ಸಿಕ್ಕಿಹಾಕ್ಕೊಂಡಿದೆ. 'ಟೆಂಪ್-2-ಡಿಲೀಟ್-ಮಾಡ್ಬೇಡಿ' ಅಂತ ಹೆಸರು. ದೊಡ್ಡ ಯಂತ್ರ. ಯಾರ್ದು ಅಂತ ಎಲ್ಲಾ ತಂಡಕ್ಕೂ ಕೇಳ್ದೆ, ಎಲ್ರೂ ನಮ್ದಲ್ಲ ಅಂತಾರೆ. ಹಾಗಾದ್ರೆ ತೆಗೀಲಾ ಅಂದ್ರೆ, ಬೇಡ ಇರ್ಲಿ ಅಂತಾರೆ."

"ಏನ್ ಮಾಡ್ತೀಯ?"

"ಸೋಮವಾರ ಹನ್ನೊಂದು ಗಂಟೆಗೆ ಆಫ್ ಮಾಡ್ತೀನಿ. ಅಳಿಸಲ್ಲ, ಬರೀ ಆಫ್. ಯಾರು ಕಿರುಚ್ತಾರೋ ಅವರದ್ದು. ಸ್ಕ್ರೀಮ್ ಟೆಸ್ಟ್ ಅಂತಾನೇ ಅಂತಾರೆ ಅದಕ್ಕೆ."

"ಶುಕ್ರವಾರ ಸಂಜೆ ಮಾಡಿದ್ರೆ ಶನಿವಾರ ಭಾನುವಾರದ ದುಡ್ಡೂ ಉಳಿಯುತ್ತಲ್ಲ."

"ಕಿರುಚೋರು ಆಫೀಸಲ್ಲಿರಬೇಕಲ್ವಾ ಅಂಕಲ್? ಎರಡು ವಾರ ಯಾರೂ ಕಿರುಚದೇ ಇದ್ರೆ ಆಗ ಅಳಿಸೋದು. ಯಾವುದಕ್ಕೂ ಇರಲಿ ಅಂತ ಡಿಸ್ಕಿನ ಸ್ನ್ಯಾಪ್‌ಶಾಟ್ ತೆಗೆದಿಟ್ಕೋತೀನಿ."

"ಆ ಸ್ನ್ಯಾಪ್‌ಶಾಟಿಗೆ?"

"ಜಿಬಿಗೆ ತಿಂಗಳಿಗೆ ಐದು ಸೆಂಟು."

"ಅದನ್ನ ಯಾರು ಅಳಿಸೋದು?"

"ನನ್ನ ಹೆಸರಲ್ಲೇ ಟ್ಯಾಗ್ ಹಾಕ್ತೀನಿ, ಆಯ್ತಾ?" ಎಂದು ಲೋಟ ಎತ್ತಿಕೊಂಡಳು.

"ತಾರೀಕೂ ಹಾಕು" ಎಂದೆ.